ಆಟಗಾರನ ಕಾಲು, ಅಭಿಮಾನಿಯ ಆತುರ

2025ರ ಮೇ 7ರಂದು ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದಿಂದ ಒಂದು ಸುದ್ದಿ ಬಂತು. ಕರ್ನಾಟಕದ ಬ್ಯಾಟರ್ ದೇವದತ್ತ ಪಡಿಕ್ಕಲ್ ಅವರ ಬಲತೊಡೆಯ ಹಿಂಭಾಗದ ಸ್ನಾಯುವಿಗೆ ಗಾಯವಾಗಿದೆ, ಆ ವರ್ಷದ ಐಪಿಎಲ್‌ನಲ್ಲಿ ಅವರು ಇನ್ನು ಆಡುವುದಿಲ್ಲ ಎಂಬುದೇ ಆ ಸುದ್ದಿ. ಅಷ್ಟರಲ್ಲಿ ಅವರು 247 ರನ್ ಗಳಿಸಿದ್ದರು. ತಂಡ ಪ್ಲೇ ಆಫ್‌ನ ಹೊಸ್ತಿಲಲ್ಲಿತ್ತು. 17 ಸಲ ಕಪ್ಪಿಗಾಗಿ ಕಾದು ಕೈಚೆಲ್ಲಿದ್ದ ಅಭಿಮಾನಿಗಳಿಗೆ ಇದು ಊಟದ ಹೊತ್ತಿಗೆ ತಟ್ಟೆ ಕಿತ್ತುಕೊಂಡ ಹಾಗಾಯಿತು.

ನಮ್ಮ ಕಡೆ ಕ್ರಿಕೆಟ್ ಮಾತಿಲ್ಲದ ಜಾಗವೇ ಇಲ್ಲ. ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಚಹಾ ಅಂಗಡಿ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ಗೌರಿಬಿದನೂರಿನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ರೈಲು, ಚಿಂತಾಮಣಿಯ ಗ್ಯಾರೇಜು, ಎಲ್ಲ ಕಡೆಯೂ ಅದೇ ಮಾತು. ಒಬ್ಬ ಪ್ರಮುಖ ಆಟಗಾರ ಗಾಯಗೊಂಡಾಗ ಅಲ್ಲಿ ಕೇಳುವ ಮಾತುಗಳನ್ನು ಗಮನಿಸಿ. "ಪಾಪ, ಚೆನ್ನಾಗಿ ಆಡ್ತಿದ್ದ ಹುಡುಗ" ಎನ್ನುವವರು ಕೆಲವರು. "ಕೋಟಿಗಟ್ಟಲೆ ದುಡ್ಡು ತಗೊಂಡಿದ್ದಾನೆ, ಇಂಜೆಕ್ಷನ್ ಹಾಕಿಸ್ಕೊಂಡು ಆಡ್ಲಿ" ಎನ್ನುವವರು ಹಲವರು. "ಒಳ್ಳೇದೇ ಆಯ್ತು ಬಿಡಿ, ಬೇರೆಯವನಿಗೆ ಚಾನ್ಸ್ ಸಿಗುತ್ತೆ" ಎನ್ನುವವರೂ ಇರುತ್ತಾರೆ. "ಅವನ ಕಾಲು ಗುಣವಾಗಲು ಎಷ್ಟು ದಿನ ಬೇಕು?" ಎಂದು ಕೇಳುವವರು ಮಾತ್ರ ತೀರಾ ಕಡಿಮೆ.

ಇದು ಆರೋಗ್ಯದ ಪುಟ, ಇಲ್ಲಿ ಕ್ರಿಕೆಟ್ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ಟಿವಿಯಲ್ಲಿ ಕಾಣುವ ಆಟಗಾರನ ಬಗ್ಗೆ ನಾವು ಆಡುವ ಮಾತನ್ನೇ ನಮ್ಮ ಮನೆಯ ಮಗನಿಗೂ ಆಡುತ್ತೇವೆ. ಆ ಆಟಗಾರನಿಗೆ ನಮ್ಮ ಮಾತು ಕೇಳಿಸುವುದಿಲ್ಲ. ನಮ್ಮ ಮಗನಿಗೆ ಕೇಳಿಸುತ್ತದೆ.

ಅದು ನರವಲ್ಲ, ಮಾಂಸಖಂಡ

ಓಡುವಾಗ ತೊಡೆಯ ಹಿಂದೆ ನೋವು ಕಾಣಿಸಿಕೊಂಡರೆ ನಾವು "ನರ ಹಿಡ್ಕೊಂಡಿದೆ" ಎನ್ನುತ್ತೇವೆ. ಹೆಚ್ಚಿನ ಸಲ ಅದು ನರವಲ್ಲ, ಮಾಂಸಖಂಡ. ನಾವು ಕುಳಿತುಕೊಳ್ಳುವಾಗ ನೆಲಕ್ಕೆ ತಾಗುವ ಮೂಳೆಯಿಂದ ಹೊರಟು ಮಂಡಿಯ ಕೆಳಗಿನವರೆಗೆ ಮೂರು ಉದ್ದನೆಯ ಮಾಂಸಖಂಡಗಳು ಇಳಿಯುತ್ತವೆ. ಇವನ್ನು ಹ್ಯಾಮ್‌ಸ್ಟ್ರಿಂಗ್ ಎನ್ನುತ್ತಾರೆ. ಪತ್ರಿಕೆಗಳು ಮಂಡಿರಜ್ಜು ಎಂದು ಬರೆಯುತ್ತವೆ. ಮಂಡಿ ಮಡಚುವುದು, ತೊಡೆಯನ್ನು ಹಿಂದಕ್ಕೆ ಎಳೆಯುವುದು ಇವುಗಳ ಕೆಲಸ. ವೇಗವಾಗಿ ಓಡುವಾಗ ಮುಂದಕ್ಕೆ ಚಿಮ್ಮುವ ಕಾಲನ್ನು ಬ್ರೇಕ್ ಹಾಕಿದಂತೆ ತಡೆಯುವುದೂ ಇವೇ. ಉದ್ದಕ್ಕೆ ಹಿಗ್ಗಿರುವಾಗಲೇ ಬಲ ಹಾಕಬೇಕಾದ ಆ ಗಳಿಗೆಯಲ್ಲಿ ಎಳೆಗಳು ಹರಿಯುತ್ತವೆ.

ವೈದ್ಯರು ಈ ಗಾಯವನ್ನು ಮೂರು ಮಟ್ಟಗಳಲ್ಲಿ ಗುರುತಿಸುತ್ತಾರೆ. ಕೆಲವೇ ಎಳೆಗಳು ಹರಿದಿದ್ದರೆ ಸಾಮಾನ್ಯವಾಗಿ ಒಂದರಿಂದ ಮೂರು ವಾರ ಬೇಕು. ಭಾಗಶಃ ಹರಿದಿದ್ದರೆ ನಾಲ್ಕರಿಂದ ಎಂಟು ವಾರ. ಪೂರ್ತಿ ಹರಿದಿದ್ದರೆ ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ.

ಶಿಡ್ಲಘಟ್ಟದ ಫಿಲೇಚರ್‌ಗಳಲ್ಲಿ ಕೆಲಸ ಮಾಡುವವರಿಗೆ ಇದು ಬೇಗ ಅರ್ಥವಾದೀತು. ರೇಷ್ಮೆಯ ಎಳೆ ತುಂಡಾದರೆ ಅದನ್ನು ಮತ್ತೆ ಜೋಡಿಸಿ ರಾಟೆ ತಿರುಗಿಸಬಹುದು. ಮಾಂಸಖಂಡದ ಎಳೆಗೆ ಹಾಗೆ ಗಂಟು ಹಾಕಲಾಗದು. ಮೊದಲು ದೇಹ ಗಾಯವಾದ ಜಾಗವನ್ನು ಶುಚಿ ಮಾಡಬೇಕು, ಊತ ಬರುವುದು ಇದಕ್ಕೇ. ಆಮೇಲೆ ಹೊಸ ಎಳೆ ಬೆಳೆಯಬೇಕು. ಕೊನೆಗೆ ಆ ಎಳೆ ಭಾರ ತಡೆಯುವಷ್ಟು ಗಟ್ಟಿಯಾಗಬೇಕು. ಇಲ್ಲಿ ಎಲ್ಲರೂ ಮೋಸಹೋಗುವ ಒಂದು ವಿಷಯವಿದೆ: ನೋವು ಮೊದಲು ಹೋಗುತ್ತದೆ, ಬಲ ಆಮೇಲೆ ಬರುತ್ತದೆ. ಈ ಎರಡರ ನಡುವಿನ ದಿನಗಳಲ್ಲಿ ಮೈದಾನಕ್ಕೆ ಇಳಿದವರು ಮತ್ತೆ ಗಾಯ ಮಾಡಿಕೊಳ್ಳುತ್ತಾರೆ. ಮಂಡಿರಜ್ಜಿಗೆ ಒಮ್ಮೆ ಪೆಟ್ಟಾದವರಿಗೆ ಮತ್ತೆ ಪೆಟ್ಟಾಗುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು.

ಲಖನೌದ ಆ ರಾತ್ರಿ

ಪಡಿಕ್ಕಲ್‌ಗಿಂತ ಎರಡು ವರ್ಷ ಮೊದಲು, ಪ್ಲೇ ಆಫ್‌ಗೆ ಕೆಲವೇ ವಾರಗಳಿದ್ದಾಗ, ಇನ್ನೊಬ್ಬ ಕನ್ನಡಿಗನ ಕಾಲು ಕೈಕೊಟ್ಟಿತ್ತು. 2023ರ ಮೇ 1. ಲಖನೌದಲ್ಲಿ ಆರ್‌ಸಿಬಿ ಮತ್ತು ಲಖನೌ ಸೂಪರ್ ಜೈಂಟ್ಸ್ ನಡುವೆ ಪಂದ್ಯ. ಲಖನೌ ತಂಡದ ನಾಯಕ ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್. ಎರಡನೇ ಓವರ್‌ನಲ್ಲಿ ಬೌಂಡರಿಯತ್ತ ಸಾಗುತ್ತಿದ್ದ ಚೆಂಡಿನ ಹಿಂದೆ ಓಡಿದ ಅವರು ತೊಡೆ ಹಿಡಿದುಕೊಂಡು ಕುಸಿದರು. ಮೈದಾನದಿಂದ ಅವರನ್ನು ಆಧರಿಸಿಕೊಂಡು ಕರೆದೊಯ್ಯಬೇಕಾಯಿತು. ಆದರೂ ಅವರ ತಂಡ ಒಂಬತ್ತು ವಿಕೆಟ್ ಕಳೆದುಕೊಂಡಾಗ ಕೊನೆಯವರಾಗಿ ಬ್ಯಾಟ್ ಹಿಡಿದು ಬಂದರು. ಓಡಲು ಆಗುತ್ತಿರಲಿಲ್ಲ. ಮೂರು ಎಸೆತ ಎದುರಿಸಿದರು, ರನ್ ಬರಲಿಲ್ಲ. ಆರ್‌ಸಿಬಿ 18 ರನ್‌ಗಳಿಂದ ಗೆದ್ದಿತು.

ಆ ಪಂದ್ಯ ಮುಗಿದ ಮೇಲೆ ಕೊಹ್ಲಿ ಮತ್ತು ಗಂಭೀರ್ ನಡುವೆ ಜಗಳವಾಯಿತು. ಮರುದಿನ ಊರೆಲ್ಲ ಆ ಜಗಳದ್ದೇ ಮಾತು. ಸಾಲುಸಾಲು ಟೀಕೆ ಕೇಳುತ್ತಿದ್ದ ರಾಹುಲ್‌ರ ಕಾಲಿನ ಬಗ್ಗೆ ವಿಚಾರಿಸಿದವರು ಎಷ್ಟು ಮಂದಿ? ಅಸಲಿಗೆ ಆ ಗಾಯ ಸಣ್ಣದಾಗಿರಲಿಲ್ಲ. ತೊಡೆಯ ಸ್ನಾಯುವನ್ನು ಮೂಳೆಗೆ ಕಟ್ಟಿಡುವ ಗಟ್ಟಿ ಹುರಿಯೇ ಹರಿದಿತ್ತು. ಅದೇ ತಿಂಗಳು ಶಸ್ತ್ರಚಿಕಿತ್ಸೆಯಾಯಿತು. ಐಪಿಎಲ್‌ನ ಉಳಿದ ಪಂದ್ಯಗಳಲ್ಲದೆ ಜೂನ್‌ನಲ್ಲಿ ನಡೆದ ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್ ಕೂಡ ಅವರ ಕೈತಪ್ಪಿತು.

ರಾಹುಲ್ ಮತ್ತೆ ಬ್ಯಾಟ್ ಹಿಡಿದು ಭಾರತಕ್ಕೆ ಆಡಿದ್ದು ಸೆಪ್ಟೆಂಬರ್‌ನಲ್ಲಿ, ಏಷ್ಯಾ ಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ. ಔಟಾಗದೆ 111 ರನ್ ಹೊಡೆದರು. ಆಮೇಲೆ ವಿಶ್ವಕಪ್‌ನಲ್ಲಿ 452 ರನ್ ಗಳಿಸಿದರು. ಆ ಕೊಲಂಬೊ ಶತಕವನ್ನು ಎಲ್ಲರೂ ನೋಡಿದರು. ಅದರ ಹಿಂದಿನ ನಾಲ್ಕು ತಿಂಗಳ ವಿಶ್ರಾಂತಿ, ವ್ಯಾಯಾಮ, ಸಹನೆಯನ್ನು ನೋಡಿದವರು ಕಡಿಮೆ. ನಮ್ಮ ಹುಡುಗರು ಲಖನೌದಲ್ಲಿ ಕುಂಟುತ್ತಾ ಬ್ಯಾಟಿಂಗ್‌ಗೆ ಬಂದ ರಾಹುಲ್‌ರನ್ನು ಅನುಕರಿಸಲು ಹೊರಡುತ್ತಾರೆ. ಅನುಕರಿಸಬೇಕಾದದ್ದು ಆ ನಾಲ್ಕು ತಿಂಗಳನ್ನು.

ಟೊರಾಂಟೊದ ಚಪ್ಪಾಳೆ

ಅಭಿಮಾನಿಗಳ ಆತುರ ನಮ್ಮ ದೇಶದ್ದೊಂದೇ ಕಥೆಯಲ್ಲ. ಅಮೆರಿಕದ ಬಾಸ್ಕೆಟ್‌ಬಾಲ್‌ನಲ್ಲಿ ಕೆವಿನ್ ಡುರಾಂಟ್ ದೊಡ್ಡ ಹೆಸರು. 2019ರ ಮೇ ತಿಂಗಳಲ್ಲಿ, ಪ್ಲೇ ಆಫ್ ನಡುವೆ, ಅವರ ಬಲಗಾಲಿನ ಮೀನಖಂಡಕ್ಕೆ ಪೆಟ್ಟಾಯಿತು. ಒಂದು ತಿಂಗಳು ಹೊರಗೆ ಕುಳಿತರು. ಅವರ ತಂಡ ಫೈನಲ್‌ನಲ್ಲಿ ಹಿನ್ನಡೆಯಲ್ಲಿತ್ತು. ಯಾವಾಗ ಬರುತ್ತಾರೆ, ಏಕೆ ಇನ್ನೂ ಬಂದಿಲ್ಲ ಎಂಬ ಪ್ರಶ್ನೆ ದಿನವೂ ಏಳುತ್ತಿತ್ತು. ಜೂನ್ 10ರಂದು ಟೊರಾಂಟೊ ನಗರದಲ್ಲಿ ಆಡಲು ಇಳಿದರು. ಹನ್ನೆರಡು ನಿಮಿಷ ಆಡಿ 11 ಅಂಕ ಗಳಿಸಿದರು. ಅಷ್ಟರಲ್ಲಿ ಅದೇ ಕಾಲಿನ ಹಿಮ್ಮಡಿಯ ಮೇಲಿನ ದಪ್ಪ ಹುರಿ, ಅಂದರೆ ಅಕಿಲಿಸ್ ಸ್ನಾಯುರಜ್ಜು, ಹರಿದುಹೋಯಿತು.

ಅವರು ನೆಲದ ಮೇಲೆ ಕುಳಿತಾಗ ಎದುರಾಳಿ ತಂಡದ ಅಭಿಮಾನಿಗಳಲ್ಲಿ ಕೆಲವರು ಖುಷಿಯಿಂದ ಕೂಗಿದರು, ಚಪ್ಪಾಳೆ ತಟ್ಟಿದರು. ಆಗ ಅವರನ್ನು ತಡೆದದ್ದು ಅದೇ ಟೊರಾಂಟೊ ತಂಡದ ಆಟಗಾರರು. ಕೈ ಬೀಸಿ ಸುಮ್ಮನಿರಲು ಹೇಳಿದರು. ಗಾಯ ಎಂದರೇನೆಂದು ಅವರಿಗೆ ಗೊತ್ತಿತ್ತು. ಆಮೇಲೆ ಅದೇ ಜನ ಡುರಾಂಟ್ ಹೆಸರನ್ನು ಗೌರವದಿಂದ ಕೂಗಿ ಬೀಳ್ಕೊಟ್ಟರು. ಡುರಾಂಟ್ ಮತ್ತೆ ಅಧಿಕೃತ ಪಂದ್ಯ ಆಡಿದ್ದು 2020ರ ಡಿಸೆಂಬರ್‌ನಲ್ಲಿ, ಒಂದೂವರೆ ವರ್ಷದ ಬಳಿಕ.

ಮೊದಲ ಗಾಯವೇ ಎರಡನೆಯದಕ್ಕೆ ಕಾರಣವೇ ಎಂಬ ಬಗ್ಗೆ ಚರ್ಚೆ ನಡೆದೇ ಇದೆ. ಆದರೆ ಮೀನಖಂಡ ಮತ್ತು ಅಕಿಲಿಸ್ ಒಂದೇ ಹಗ್ಗದ ಎರಡು ಭಾಗಗಳಿದ್ದಂತೆ. ಒಂದು ದುರ್ಬಲವಾಗಿದ್ದಾಗ ಇನ್ನೊಂದನ್ನು ಜಗ್ಗುವುದು ಅಪಾಯವೆಂದು ತಿಳಿಯಲು ದೊಡ್ಡ ಓದು ಬೇಕಿಲ್ಲ.

ನಮ್ಮ ಮೈದಾನದ ಕಥೆ

ಈಗ ಟೊರಾಂಟೊ ಬಿಟ್ಟು ಚಿಂತಾಮಣಿಗೆ ಬರೋಣ. ನನಗೆ ಪರಿಚಯದ ಮನೆಯೊಂದರ ಹುಡುಗ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ. ಹತ್ತೊಂಬತ್ತು ವರ್ಷ. ಟೆನ್ನಿಸ್ ಬಾಲ್ ಕ್ರಿಕೆಟ್‌ನಲ್ಲಿ ಅವನ ಬೌಲಿಂಗ್ ಎಂದರೆ ಬೀದಿಗೆಲ್ಲ ಹೆಮ್ಮೆ. ಒಂದು ಟೂರ್ನಿಯ ಸೆಮಿಫೈನಲ್‌ನಲ್ಲಿ ಎರಡನೇ ರನ್‌ಗೆ ಓಡುವಾಗ ತೊಡೆಯ ಹಿಂದೆ ಯಾರೋ ಕಲ್ಲಿನಿಂದ ಹೊಡೆದ ಹಾಗಾಯಿತಂತೆ. ತಿರುಗಿ ನೋಡಿದರೆ ಯಾರೂ ಇರಲಿಲ್ಲ. ಗೆಳೆಯರು ಸ್ಪ್ರೇ ಹೊಡೆದರು. ಒಬ್ಬ ಬಿಸಿ ಎಣ್ಣೆ ಹಾಕಿ ಬಲವಾಗಿ ತಿಕ್ಕಿದ. ಎರಡು ದಿನದ ನಂತರ ಫೈನಲ್. "ನೀನಿಲ್ದೆ ಆಗಲ್ಲ ಮಚ್ಚಾ" ಎಂದರು. ಅವನ ಅಬ್ಬಾ "ಗಂಡು ಹುಡುಗ, ಇಷ್ಟಕ್ಕೆಲ್ಲಾ ಮಲಗ್ತಾರಾ?" ಎಂದರು. ಅಂದು ಅವರ ಮನೆಗೆ ಹೋಗಿದ್ದ ನಾನೂ "ಗೆದ್ದು ಬಾ" ಎಂದೇ ಹೇಳಿದ್ದೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಭಾನುವಾರ ಬೆಳಿಗ್ಗೆ ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಆಡಲು ಹೋದ. ತನ್ನ ಎರಡನೇ ಓವರ್‌ನಲ್ಲಿ ಓಡಿ ಬರುವಾಗ ಚಟ್ ಎಂದು ಸದ್ದಾಯಿತು. ರಾತ್ರಿಯ ಹೊತ್ತಿಗೆ ತೊಡೆಯಿಂದ ಮಂಡಿಯವರೆಗೆ ನೀಲಿಗಟ್ಟಿತ್ತು. ಹತ್ತು ವಾರ ಕೆಲಸವಿಲ್ಲ. ಬೈಕಿಗೆ ಕಿಕ್ ಹೊಡೆಯಲಾಗದವನಿಗೆ ಗ್ಯಾರೇಜಿನಲ್ಲಿ ಏನು ಕೆಲಸ? ಸಂಬಳ ನಿಂತಿತು, ತಂಗಿಯ ಶಾಲೆಯ ಶುಲ್ಕಕ್ಕೆ ಅವನ ಅಮ್ಮಿ ಸಂಘದಲ್ಲಿ ಸಾಲ ತೆಗೆದರು. "ಆ ಒಂದು ಭಾನುವಾರ ಮನೇಲಿ ಕೂರಿಸಿದ್ರೆ ಸಾಕಿತ್ತು ಬಾಜಿ" ಎಂದು ಅವರು ನನ್ನೊಡನೆ ಹೇಳಿದ್ದು ಒಂದು ಸಲವಲ್ಲ.

ಇಂಜೆಕ್ಷನ್ ಮಾಡಿದ ತಪ್ಪೇನು? ನೋವು ಎಂಬುದು ದೇಹ ಕೊಡುವ ಎಚ್ಚರಿಕೆ. ಔಷಧಿ ಆ ಎಚ್ಚರಿಕೆಯ ಬಾಯಿ ಮುಚ್ಚಿಸುತ್ತದೆ, ಹರಿದ ಎಳೆಯನ್ನು ಜೋಡಿಸುವುದಿಲ್ಲ. ಆಡುವವನಿಗೆ ತನ್ನ ಕಾಲು ಗುಣವಾಗಿದೆ ಎಂದೇ ಅನಿಸುತ್ತದೆ. ಜೊತೆಗೆ, ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ದಿನಗಟ್ಟಲೆ ನುಂಗುವ ನೋವಿನ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಮೂತ್ರಪಿಂಡಕ್ಕೂ ಹಾನಿ ಮಾಡಬಹುದು.

ಮೊದಲ ಎರಡು ಮೂರು ದಿನ

ಮಗ ಅಥವಾ ಮಗಳು ಕುಂಟುತ್ತಾ ಮನೆಗೆ ಬಂದರೆ ಬೈಗುಳ ಆಮೇಲಿರಲಿ. ಮೊದಲು ಆಟ ನಿಲ್ಲಿಸಿ, ಕಾಲಿಗೆ ವಿಶ್ರಾಂತಿ ಕೊಡಿ. ಐಸ್ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ. ಎರಡು ಮೂರು ಗಂಟೆಗೊಮ್ಮೆ ಮತ್ತೆ ಇಡಬಹುದು. ಐಸನ್ನು ನೇರವಾಗಿ ಚರ್ಮದ ಮೇಲೆ ಇಡಬೇಡಿ, ಚರ್ಮ ಸುಟ್ಟಂತಾಗುತ್ತದೆ. ಕ್ರೇಪ್ ಬ್ಯಾಂಡೇಜನ್ನು ಹದವಾಗಿ ಸುತ್ತಿ. ಕಾಲ್ಬೆರಳು ತಣ್ಣಗಾದರೆ, ನೀಲಿಯಾದರೆ ಅಥವಾ ಜೋಮು ಹಿಡಿದರೆ ತಕ್ಷಣ ಸಡಿಲಿಸಿ. ಮಲಗಿರುವಾಗ ಕಾಲನ್ನು ದಿಂಬಿನ ಮೇಲೆ ಎತ್ತರಕ್ಕೆ ಇಡಿ.

ಈ ದಿನಗಳಲ್ಲಿ ಮಾಡಬಾರದ ಮೂರು ಕೆಲಸಗಳು ನಮ್ಮ ಮನೆಗಳಲ್ಲಿ ಮೊದಲು ಮಾಡುವ ಕೆಲಸಗಳೇ: ಬಿಸಿನೀರಿನ ಶಾಖ, ಎಣ್ಣೆ ಹಾಕಿ ತಿಕ್ಕುವುದು, "ಸ್ವಲ್ಪ ಓಡಿದ್ರೆ ಬಿಟ್ಕೊಳ್ಳುತ್ತೆ" ಎಂದು ಓಡಿಸುವುದು. ಮೂರರಿಂದಲೂ ಒಳಗಿನ ರಕ್ತಸ್ರಾವ ಮತ್ತು ಊತ ಹೆಚ್ಚುತ್ತವೆ. ದಾದಿ, ನಾನಿಯರ ಕೈಯ ಮಾಲೀಶಿನಲ್ಲಿ ಪ್ರೀತಿಯಿದೆ, ನಿಜ. ಹೊಸ ಗಾಯಕ್ಕೆ ಮಾತ್ರ ಅದು ಬೇಡ.

ಹಾಗೆಯೇ ಎಕ್ಸ್‌ರೇ ಇಲ್ಲದೆ ಬಿದಿರು ಕಡ್ಡಿ ಇಟ್ಟು ಬಿಗಿಯಾಗಿ ಕಟ್ಟು ಕಟ್ಟಿಸುವುದೂ ಬೇಡ. ಊತ ಹೆಚ್ಚುತ್ತಿರುವ ಕಾಲಿಗೆ ಬಿಗಿ ಕಟ್ಟು ಹಾಕಿದರೆ ರಕ್ತ ಸಂಚಾರ ನಿಂತು ಕಾಲಿಗೇ ಕುತ್ತು ಬರಬಹುದು.

ಯಾವಾಗ ಆಸ್ಪತ್ರೆಗೆ ಓಡಬೇಕು

ಪೆಟ್ಟಾದಾಗ ಚಟ್ ಎಂಬ ಸದ್ದು ಕೇಳಿದ್ದರೆ, ನಾಲ್ಕು ಹೆಜ್ಜೆ ಇಡಲೂ ಆಗದಿದ್ದರೆ, ಕಾಲಿನ ಆಕಾರ ಬದಲಾಗಿದ್ದರೆ, ಮೂಳೆಯ ಮೇಲೆಯೇ ಒತ್ತಿದಾಗ ಜೋರು ನೋವಿದ್ದರೆ, ಪಾದ ಮರಗಟ್ಟಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ. ತಾಲ್ಲೂಕು ಆಸ್ಪತ್ರೆಗೆ ಅಥವಾ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗೆ ಹೋಗಿ ಮೂಳೆ ವೈದ್ಯರಿಗೆ ತೋರಿಸಿ. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಮಾಂಸಖಂಡ ಹರಿಯುವ ಬದಲು ಅದು ಅಂಟಿಕೊಂಡಿರುವ ಮೂಳೆಯ ಚೂರೇ ಕಿತ್ತುಬರುವುದುಂಟು. ಹಾಗಾಗಿ ಮಕ್ಕಳ ನೋವನ್ನು ಹಗುರವಾಗಿ ಕಾಣಬಾರದು. ಕೆಲವು ದಿನ ಕಾಲು ಆಡಿಸದೆ ಮಲಗಿದವರಿಗೆ ಮೀನಖಂಡ ಊದಿ ಕೆಂಪಾಗಿ ನೋಯತೊಡಗಿದರೆ, ಅದರಲ್ಲೂ ಉಸಿರಾಟಕ್ಕೆ ತೊಂದರೆಯಾದರೆ, ಅದು ರಕ್ತ ಹೆಪ್ಪುಗಟ್ಟಿದ ಸೂಚನೆಯಿರಬಹುದು. ಆಗ ಒಂದು ಗಂಟೆಯೂ ತಡಮಾಡಬಾರದು.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ಶಾಲೆಯಲ್ಲಿ ಕಬಡ್ಡಿ, ಥ್ರೋಬಾಲ್, ಬಾಸ್ಕೆಟ್‌ಬಾಲ್ ಆಡುವ ಹುಡುಗಿಯರು ಕಾಲಿನ ನೋವನ್ನು ಮನೆಯಲ್ಲಿ ಹೇಳುವುದಿಲ್ಲ. ಹೇಳಿದರೆ ಆಟ ಬಿಡಿಸುತ್ತಾರೆಂಬ ಭಯ. ಆ ಭಯ ಹೋಗಿಸಿ. ಚಿಕಿತ್ಸೆ ಕೊಡಿಸಿ, ಆಟವನ್ನೂ ಮುಂದುವರಿಸಲು ಬಿಡಿ.

ಮತ್ತೆ ಮೈದಾನಕ್ಕೆ ಯಾವಾಗ

ಕೆಂಪೇಗೌಡ ವಿಮಾನ ನಿಲ್ದಾಣದ ಹತ್ತಿರ ಭಾರತೀಯ ಕ್ರಿಕೆಟ್ ಮಂಡಳಿಯ ಹೊಸ ತರಬೇತಿ ಕೇಂದ್ರ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ನಮ್ಮ ಜಿಲ್ಲೆಗೆ ಇಷ್ಟು ಸಮೀಪದಲ್ಲಿರುವ ಈ ಕೇಂದ್ರದಲ್ಲಿ ಗಾಯಗೊಂಡ ಆಟಗಾರರ ಕಾಲಿನ ಬಲವನ್ನು ಅಳೆದು, ಓಡಿಸಿ ನೋಡಿ, ಆಮೇಲಷ್ಟೇ ಆಡಲು ಬಿಡುತ್ತಾರೆ. ಮೊಹಮ್ಮದ್ ಶಮಿ 2023ರ ವಿಶ್ವಕಪ್‌ನ ಏಳೇ ಪಂದ್ಯಗಳಲ್ಲಿ 24 ವಿಕೆಟ್ ಪಡೆದರು. ಆಗಲೇ ಅವರ ಪಾದದ ಕೀಲು ನೋಯುತ್ತಿತ್ತು. 2024ರ ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಐಪಿಎಲ್ ತಪ್ಪಿತು, ಟಿ20 ವಿಶ್ವಕಪ್ ತಪ್ಪಿತು. ಬೆಂಗಳೂರಿನಲ್ಲಿ ಚೇತರಿಸಿಕೊಳ್ಳುತ್ತಿರುವಾಗ ಮಂಡಿ ಊದಿಕೊಂಡು ಮತ್ತೂ ತಡವಾಯಿತು. ಸುಮಾರು ಒಂದು ವರ್ಷದ ನಂತರ, ನವೆಂಬರ್‌ನಲ್ಲಿ ಬಂಗಾಳದ ಪರ ರಣಜಿ ಪಂದ್ಯ ಆಡಿದರು. 2025ರ ಫೆಬ್ರವರಿಯಲ್ಲಿ ದುಬೈಯಲ್ಲಿ ಬಾಂಗ್ಲಾದೇಶದ ವಿರುದ್ಧ ಐದು ವಿಕೆಟ್ ಕಿತ್ತರು.

ನಮ್ಮ ಹುಡುಗರಿಗೆ ಅಂಥ ಯಂತ್ರಗಳಿಲ್ಲ. ಆದರೆ ಮನೆಯಲ್ಲೇ ನೋಡಬಹುದಾದ ಪರೀಕ್ಷೆಗಳಿವೆ. ನೋವಿಲ್ಲದೆ ನಡೆಯಲು, ಮೆಟ್ಟಿಲು ಇಳಿಯಲು ಆಗುತ್ತಿದೆಯೇ? ನಿಧಾನ ಓಟದಲ್ಲಿ ನೋವಿಲ್ಲವೇ? ಪೂರ್ತಿ ವೇಗದಲ್ಲಿ ಓಡಿ ಒಮ್ಮೆಲೇ ತಿರುಗಲು ಆಗುತ್ತದೆಯೇ? ಗಾಯವಾದ ಕಾಲು ಇನ್ನೊಂದು ಕಾಲಿನಷ್ಟೇ ಬಲವಾಗಿದೆಯೇ? ನೋವಿನ ಮಾತ್ರೆಯಿಲ್ಲದೆ ಇವೆಲ್ಲಕ್ಕೂ "ಹೌದು" ಎಂಬ ಉತ್ತರ ಬಂದ ಮೇಲೆ ಆಟ. ಫಿಸಿಯೋಥೆರಪಿಸ್ಟ್ ಒಬ್ಬರನ್ನು ಎರಡು ಮೂರು ಸಲ ಕಂಡರೂ ವ್ಯಾಯಾಮದ ಕ್ರಮ ತಿಳಿಯುತ್ತದೆ.

ಗಾಯವಾಗದಂತೆ ತಡೆಯಲೂ ದಾರಿಯಿದೆ. ಮಂಡಿಯೂರಿ ಕುಳಿತು, ಗೆಳೆಯನೊಬ್ಬ ಹಿಮ್ಮಡಿಯನ್ನು ಹಿಡಿದಿರುವಾಗ, ಬೆನ್ನು ನೆಟ್ಟಗಿಟ್ಟು ನಿಧಾನವಾಗಿ ಮುಂದಕ್ಕೆ ಬಾಗುವ ವ್ಯಾಯಾಮಕ್ಕೆ ನಾರ್ಡಿಕ್ ಎಂದು ಹೆಸರು. ಇದನ್ನು ಕ್ರಮವಾಗಿ ಮಾಡುವ ತಂಡಗಳಲ್ಲಿ ಮಂಡಿರಜ್ಜಿನ ಗಾಯ ಸುಮಾರು ಅರ್ಧದಷ್ಟು ಕಡಿಮೆಯಾಗುತ್ತದೆಂದು ಅಧ್ಯಯನಗಳು ತೋರಿಸಿವೆ. ದುಡ್ಡು ಬೇಡ, ಜಿಮ್ ಬೇಡ. ಆಟಕ್ಕೆ ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳುವುದನ್ನೂ ಮರೆಯಬಾರದು. ದಿನವಿಡೀ ಫಿಲೇಚರ್‌ನಲ್ಲಿ ನಿಂತು ಸಂಜೆ ನೇರ ಮೈದಾನಕ್ಕೆ ಬರುವ ಹುಡುಗರಿಗೆ ಇದು ಇನ್ನೂ ಮುಖ್ಯ. ರಮಝಾನ್ ರಾತ್ರಿಗಳಲ್ಲಿ ತರಾವೀಹ್ ನಂತರ ಟೂರ್ನಿ ಆಡುವವರು ಇಫ್ತಾರ್‌ನಿಂದಲೇ ನೀರು ಕುಡಿಯುತ್ತಾ ಬರಬೇಕು. ಸಹ್ರಿಯವರೆಗೂ ನಿದ್ದೆಗೆಟ್ಟು ದಣಿದ ಕಾಲಿಗೆ ಗಾಯ ಬೇಗ ತಾಗುತ್ತದೆ.

ಕಾಲಿಗೆ ಪೆಟ್ಟಾದವರು ನಮಾಝ್‌ನಲ್ಲಿ ರುಕೂ, ಸುಜೂದ್ ಮಾಡಲು ಹೆಣಗಾಡುವುದನ್ನು ಮಸೀದಿಯಲ್ಲಿ ಕಾಣುತ್ತೇವೆ. ರೋಗಿಗೆ ಕುಳಿತು ನಮಾಝ್ ಮಾಡಲು ಅನುಮತಿಯಿದೆ, ಕಟ್ಟಿನ ಮೇಲೆ ಒದ್ದೆ ಕೈ ಸವರಲೂ ಅನುಮತಿಯಿದೆ. ವಿವರಗಳನ್ನು ನಿಮ್ಮ ಮಸೀದಿಯ ಇಮಾಮರಲ್ಲಿ ಕೇಳಿಕೊಳ್ಳಿ. ಸಿಕ್ಕ ರಿಯಾಯಿತಿಯನ್ನು ಬಳಸಿಕೊಳ್ಳಲು ಸಂಕೋಚ ಬೇಡ.

ಕೊನೆಗೆ

ಪಡಿಕ್ಕಲ್ ಇಲ್ಲದೆಯೂ ಆರ್‌ಸಿಬಿ ಗೆದ್ದಿತು. ಅವರ ಜಾಗಕ್ಕೆ ಬಂದ ಮಯಂಕ್ ಅಗರ್ವಾಲ್ ಕೂಡ ಕನ್ನಡಿಗರೇ. ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್‌ಗಳಿಂದ ಸೋಲಿಸಿ ಕಪ್ ಎತ್ತಿದರು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜೀವಗಳು ಹೋದವು. ಆ ದುಃಖದ ಮುಂದೆ ಯಾವ ಕಪ್ಪೂ ದೊಡ್ಡದಲ್ಲ.

ಪೂರ್ತಿ ಗುಣವಾಗಿ ಮರಳಿದ ಪಡಿಕ್ಕಲ್ ಸೆಪ್ಟೆಂಬರ್‌ನಲ್ಲಿ ಭಾರತ 'ಎ' ತಂಡದ ಪರ ಆಸ್ಟ್ರೇಲಿಯಾ 'ಎ' ವಿರುದ್ಧ 150 ರನ್ ಹೊಡೆದರು. ಒಂದು ಪ್ಲೇ ಆಫ್ ಕಳೆದುಕೊಂಡರು, ಕಾಲು ಉಳಿಸಿಕೊಂಡರು.

ಚಿಂತಾಮಣಿಯ ಆ ಹುಡುಗ ಈಗ ಗ್ಯಾರೇಜಿಗೆ ಹೋಗುತ್ತಿದ್ದಾನೆ, ಆಡುತ್ತಲೂ ಇದ್ದಾನೆ. ಮೊದಲಿನಷ್ಟು ವೇಗವಾಗಿ ಬೌಲಿಂಗ್ ಮಾಡುವುದಿಲ್ಲ. ಮೊನ್ನೆ ಅವನ ತಂಡದ ಕಿರಿಯನೊಬ್ಬ ತೊಡೆ ಹಿಡಿದು ಕುಳಿತಾಗ "ನಾಳೆ ಮ್ಯಾಚ್ ಐತೆ ಭಾಯಿ" ಎಂದನಂತೆ. ಇವನು ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಮನೆಗೆ ಬಿಟ್ಟು, ಅವನ ಅಮ್ಮಿಗೆ ಹೇಳಿ ಬಂದ: "ಚಾಚಿ, ನಾಳೆ ಇವನನ್ನ ಹೊರಗೆ ಬಿಡಬೇಡಿ. ಐಸ್ ಇಡಿ, ತಿಕ್ಕಬೇಡಿ."